ಅಳತಿ ವಹಿ

ಐತಾರಕ್ಕ ಇನ್ನಾ ಒಂಬತ್ತು ದಿನ ಅವ.
ಚೌಬಾರಾದ ಬುಡಕ ನಸುಕಿನಾಗ ಕೂಡೋದು,
ಮದರಸಾಕ್ಕ ಒಂದು ಸುತ್ತು ಹೊಡದು ಅಷ್ಟೂರಿನ ಗುಮ್ಮಟದ ತನಕ
ಸೈಕಲ್ ಮ್ಯಾಲ, ಎಲ್ಲಾರೂ ಹಳೇ ಕಾಲದ ಬಟ್ಟಿ ತೊಟ್ಟು.
ಹಿಂಗಂತ ಝರಣಪ್ಪ ಮಾಸ್ತರ ನನ್ನ ಹೊಲಿಗಿ ಅಂಗಡಿ ಕಟ್ಟಿಮ್ಯಾಲ ಕುಂತು
ಮೂರನೇ ಕಪ್ ಚಹಾಕ್ಕ ಪಕ್ಕಾ ಮಾಡ್ದ.
ಎರಡನೇ ಕಪ್ಪಿನ ತನಕ ಅದು ಬರೇ ಮಾತಿತ್ತು.

ಹಳೇ ಕಾಲ ಅಂದ್ರ ಯಾವ ಕಾಲ, ನಾ ಕೇಳ್ದೆ.
ದರ್ಜಿಗಿ ಇಸವಿ ಬೇಕು.
ಕಾಲರ್ ಎಷ್ಟು ಅಗಲ, ತೋಳು ಎಲ್ಲಿ ನಿಲ್ಲಬೇಕು,
ಇಸವಿ ಹೇಳ್ತದ.
"ಸೈಕಲ್ಲಿಗಿ ಲೈಸೆನ್ಸ್ ಬಿಲ್ಲಿ ಇದ್ದ ಕಾಲ" ಅಂದ ಗಫೂರ್,
"ಲೈಟಿಲ್ಲದ ಸೈಕಲ್ ಪೊಲೀಸರು ಹಿಡಿದು ಗಾಳಿ ಬಿಡ್ತಿದ್ದ ಕಾಲ."
ಅವನ ಅಂಗಡ್ಯಾಗ ಬಾಡಿಗಿ ಸೈಕಲ್ ಹನ್ನೊಂದು,
ನಾಕಕ್ಕ ಬ್ರೇಕಿಲ್ಲ.
ಅವೇ ಖರೇ ಹಳೇವು ಅಂತಾನ.

ವಹಿ ತೆಗದೆ, ಬರದೆ.
ಮಾಸ್ತರ: ಕರಿ ಕೋಟು, ಬಿಳಿ ಧೋತ್ರ, ರುಮಾಲು.
ಹೊಟ್ಟಿ ನಲವತ್ತೆರಡು. ನಲವತ್ತಂತ ಬರಿ ಅಂದ.
ನಲವತ್ತಂತೇ ಬರದು, ಒಳಗ ಎರಡಿಂಚು ಬಿಟ್ಟೆ.
ಧೋತ್ರ ಚೈನಿನಾಗ ಸಿಗ್ತದ: ಅರಬಿ ಒಣಹಾಕೋ ಕ್ಲಿಪ್ಪು, ನಾಕು.
ನುಸ್ರತ್ ಸಿಸ್ಟರ್: ನಾನಿಯ ಪೆಟ್ಟಿಗ್ಯಾಗಿನ ಕಿನಖಾಪ ಕುರ್ತಿ,
ಬಗಲಾಗ ಹರದದ.
ಹೊಲಿ, ಆದ್ರ ಹರದಿದ್ದು ಕಾಣ್ಲಿ ಅಂದ್ಲು.
ಜೋಗಿಂದರ್: ಝೀರಾದ ಕಡಿಂದ ಬರ್ತಾನ, ಪಗಡಿ ಅವಂದೇ,
ಬರೇ ಪೈಜಾಮ.
ಸ್ಯಾಮ್ಸನ್: ಅಪ್ಪನ ಮಿಷನ್ ಸಾಲಿ ಚೊಣ್ಣ ಸಿಕ್ಕದಂತ.
ಐವತ್ತೆರಡು ವರ್ಷದಾವಗ ಚೊಣ್ಣ!
ನಕ್ಕೂ ನಕ್ಕೂ ಸೂಜಿ ಎಲ್ಲೋ ಬಿತ್ತು.

ಘಾಳೆಪ್ಪ ಕಡೀಗಿ ಬಂದ, ನೀರಿನ ವಾಲ್ ಬಿಡಾವ,
ದಿನಾ ಇಡೀ ಊರು ಸೈಕಲ್ ಮ್ಯಾಲೇ ತಿರುಗಾವ.
ಏನ್ ಹೊಲೀಲಿ ಅಂದ್ರ ಹೊಸ್ತಿಲದಾಗೇ ನಿಂತ.
"ನಮ್ಮಜ್ಜನ ಹಳೇ ಬಟ್ಟಿ ಅಂದ್ರ
ಮಣಕಾಲ ಮ್ಯಾಲಿನ ಒಂದು ತುಂಡು ಪಂಜಿ.
ಗೌಡರ ಮನಿ ಬಂತಂದ್ರ ಸೈಕಲ್ ಇಳೀಬೇಕು,
ಚಪ್ಪಲ್ ಕೈಯಾಗ ಹಿಡೀಬೇಕು.
ಅದನ್ನ ಹೊಲೀತಿ ಏನಕ್ಕಾ?"

ಟೇಪು ನನ್ನ ಕೊಳ್ಳಾಗ ತಣ್ಣಗಿತ್ತು.
ಮಾಸ್ತರ ಖಾಲಿ ಕಪ್ಪಿನೊಳಗ ನೋಡ್ದ.
ಗಫೂರ್ ಕೈಯಾಗಿನ ಸ್ಪೋಕು ಸುಮ್ಮ ಸುಮ್ಮನ ತಿರುವಿದ.

ಆಮ್ಯಾಲ ಘಾಳೆಪ್ಪನೇ ಒಳಗ ಬಂದು ಕುಂತ.
"ಹೈದ್ರಾಬಾದಿನಾಗ ಒಮ್ಮಿ ಕಂಡಿದ್ನಂತ,
ಮೂರು ಗುಂಡಿ ಕೋಟು, ಬೂದಿ ಬಣ್ಣ,
ಎದಿ ಕಿಸೆದಾಗ ಪೆನ್ನು.
ಸಾಯೋತನಾ ಅದೇ ಮಾತು.
ಅದನ್ನ ಹೊಲಿ.
ಅವ ತೊಡಲಿಲ್ಲಂದ್ರ ಅದು ಹಳೇದಲ್ಲೇನು?"

ಅಳತಿ ಯಾರ್ದು ಹಿಡೀಲಿ?
"ಅಜ್ಜ ನನಗಿಂತ ಗೇಣುದ್ದ ಹೆಚ್ಚಿದ್ನಂತ.
ಅವನ ಅಳತಿಗೇ ಹೊಲಿ, ನಾ ತೋಳು ಮಡಚ್ಕೋತೀನಿ."
ಹೆಗಲಿಂದ ಟೇಪು ಹಿಡದೆ,
ಬೆರಳ ತುದಿ ದಾಟಿ ಇನ್ನಷ್ಟು ಗಾಳ್ಯಾಗ ಅಳದೆ.

ಅವತ್ತು ಇನ್ನೊಂದು ಮಾತು ವಹಿಯ ಹಿಂದಿನ ರಟ್ಟಿಗಿ ಬರದೀವಿ:
ಅಷ್ಟೂರಿಗಿ ಇಳಿಯೋದು ಸಸಾರ, ಹೊಳ್ಳಿ ಏರೋದು ತ್ರಾಸು.
ಏರಿನಾಗ ಯಾರು ಬೇಕಾದ್ರೂ ಇಳದು ತಳ್ಳಬಹುದು.
ಯಾರ ಮನಿ ಮುಂದೂ ಇಳಿಯಂಗಿಲ್ಲ.

ಬೂದಿ ಬಣ್ಣದ ನೂಲು ತೀರ್ಯದ, ನಾಳಿ ಉಸ್ಮಾನಗಂಜಿಗಿ ಹೋಗ್ಬೇಕು.
ನನ್ನ ಹೆಸರಿನ ಮುಂದ ಅವ್ವನ ಒಂಬತ್ತು ಗಜದ ಸೀರಿ ಅಂತ ಬರದೀನಿ.
ಕಚ್ಚಿ ಹಾಕಿದ್ರ ಸೈಕಲ್ಲಿಗಂತೇ ನೇಯ್ದಂಗದ ಅದು,
ಖರೆ ಅದನ್ನ ಉಟ್ಟಾಕಿ ಕೈಗಿ ಯಾರೂ ಹ್ಯಾಂಡಲ್ ಕೊಡಲಿಲ್ಲ.
ನನಗೂ ಸೈಕಲ್ ಬರಂಗಿಲ್ಲ, ಇನ್ನಾ ಯಾರಿಗೂ ಹೇಳಿಲ್ಲ.
ರಾತ್ರಿ ಶಟರ್ ಎಳದ ಮ್ಯಾಲ
ಗಫೂರನ ಬ್ರೇಕಿಲ್ಲದ್ದೊಂದು ಇಸಕೊಂಡು
ಸ್ಟೇಡಿಯಂ ಕಡಿ ಹೋಗ್ಲತ್ತೀನಿ.
ನಿನ್ನಿ ಎರಡು ಸಲ ಬಿದ್ದೆ.
ಮಣಕಾಲಿಗಿ ಅರಿಶಿಣ ಹಚ್ಚೀನಿ, ಸೀರಿ ಮುಚ್ತದ.